ಬೇರೂರಿದ ಓಪನ್ ಸೋರ್ಸ್ ಪ್ಯಾಕೇಜಿನ ಹೆಸರು ಬದಲಿಸಬೇಕೇ? ನಿರ್ಧರಿಸಲು ಒಂದು ಕೈಪಿಡಿ

ಹೆಸರು ಬದಲಿಸುವ ಮಾತು ಎದ್ದ ಕೂಡಲೇ ಎಲ್ಲರೂ ಹೊಸ ಹೆಸರು ಹುಡುಕಲು ಕೂರುತ್ತಾರೆ. ಅದು ಕಡೆಗೆ ಮಾಡುವ ಕೆಲಸ. ಮೊದಲು ಗಮನಿಸಬೇಕಾದ ಸಂಗತಿ ಬೇರೆ: ವರ್ಷಗಳಿಂದ ಬಳಕೆಯಲ್ಲಿರುವ ಪ್ಯಾಕೇಜಿಗೆ ಇರುವುದು ಒಂದು ಹೆಸರಲ್ಲ, ಆರೇಳು. ಎಲ್ಲವೂ ಅವೇ ಅಕ್ಷರಗಳಲ್ಲಿರುವುದರಿಂದ ಒಂದೇ ಎನ್ನಿಸುತ್ತದೆ, ಅಷ್ಟೇ.

ಜಾಲತಾಣದಲ್ಲಿ, ಲಾಂಛನದಲ್ಲಿ, ಜನರ ಬಾಯಲ್ಲಿ ಇರುವ ಪ್ರಾಜೆಕ್ಟಿನ ಹೆಸರು ಮೊದಲನೆಯದು. ಕೋಡು ಇಟ್ಟಿರುವ ರೆಪೊಸಿಟರಿಯ ವಿಳಾಸ ಎರಡನೆಯದು. ಪೈಪಿಐ, ಎನ್‌ಪಿಎಂ, ಮೇವನ್ ಸೆಂಟ್ರಲ್‌ನಂಥ, ಪ್ಯಾಕೇಜುಗಳನ್ನು ಹಂಚುವ ರಿಜಿಸ್ಟ್ರಿಯಿಂದ ಇನ್‌ಸ್ಟಾಲ್ ಮಾಡುವಾಗ ಕೊಡುವ ಹೆಸರು ಮೂರನೆಯದು. ಆಮೇಲೆ ಕೋಡಿನಲ್ಲಿ ಇಂಪೋರ್ಟ್ ಮಾಡುವ ಹೆಸರು, ಟರ್ಮಿನಲ್‌ನಲ್ಲಿ ಟೈಪ್ ಮಾಡುವ ಕಮಾಂಡ್. ಅದಕ್ಕೂ ಒಳಗೆ ಕಾನ್ಫಿಗ್ ಫೋಲ್ಡರ್, ಎನ್ವಿರಾನ್ಮೆಂಟ್ ವೇರಿಯಬಲ್, ಫೈಲ್ ಎಕ್ಸ್‌ಟೆನ್ಶನ್. ತೀರಾ ಒಳಗೆ, ಬೇರೆ ಪ್ರೋಗ್ರಾಂಗಳು ಮಾತ್ರ ನೋಡುವ ಹೆಸರುಗಳು: ಪ್ಲಗಿನ್ ಗುಂಪು, ಲಾಗರ್, ಎಚ್‌ಟಿಟಿಪಿ ಹೆಡರ್, ಡೇಟಾಬೇಸ್ ಟೇಬಲ್ಲಿನ ಹೆಸರಿಗೆ ಮುಂಚೆ ಸೇರಿಸುವ ಪೂರ್ವಪದ. ಒಳಕ್ಕೆ ಇಳಿದಷ್ಟೂ ಬದಲಾವಣೆಯ ವೆಚ್ಚ ಏರುತ್ತದೆ. ಸಿಗುವ ಲಾಭವಾದರೋ ಬಹುಪಾಲು ಹೊರಗಿನ ಒಂದೆರಡು ಪದರದಲ್ಲೇ ಮುಗಿದುಹೋಗಿರುತ್ತದೆ.

ಹೆಸರು ಬದಲಿಸಿ ಗೆದ್ದ ಪ್ರಾಜೆಕ್ಟುಗಳ ಹೊಟ್ಟೆ ಬಗೆದು ನೋಡಿದರೆ ಇದು ಕಾಣುತ್ತದೆ. ಬಿಲ್ಡ್, ಟೆಸ್ಟುಗಳನ್ನು ತಾನಾಗಿ ಓಡಿಸುವ ಹಡ್ಸನ್ 2011ರಲ್ಲಿ ಜೆಂಕಿನ್ಸ್ ಆಯಿತು. ಅದರ ಜಾವಾ ಕ್ಲಾಸುಗಳು ಈಗಲೂ ‘ಹಡ್ಸನ್’ ಎಂಬ ಪ್ಯಾಕೇಜಿನಡಿಯಲ್ಲೇ ಇವೆ, ಏಕೆಂದರೆ ಪ್ಲಗಿನ್‌ಗಳೆಲ್ಲ ಆ ಹೆಸರನ್ನೇ ಕರೆಯುತ್ತವೆ. ಎಕ್ಸ್‌ಬಿಎಂಸಿ ಎಂಬ ಮೀಡಿಯಾ ಪ್ಲೇಯರ್ 2014ರಲ್ಲಿ ಕೋಡಿ ಆಯಿತು; ಆಡ್-ಆನ್ ಬರೆಯುವವರು ಇಂಪೋರ್ಟ್ ಮಾಡುವ ಪೈಥಾನ್ ಮಾಡ್ಯೂಲಿನ ಹೆಸರು ಇನ್ನೂ ಎಕ್ಸ್‌ಬಿಎಂಸಿ. ಐಪೈಥಾನ್ ನೋಟ್‌ಬುಕ್ ಜುಪಿಟರ್ ಆದರೂ ಫೈಲ್ ಎಕ್ಸ್‌ಟೆನ್ಶನ್ ಐಪಿವೈಎನ್‌ಬಿ ಆಗಿಯೇ ಉಳಿದಿದೆ. ಲಿಬ್ರೆಆಫೀಸನ್ನು ಕಮಾಂಡಿನಿಂದ ಓಡಿಸುವವರು ಇಂದಿಗೂ ‘ಎಸ್‌ಆಫೀಸ್’ ಎಂದು ಟೈಪ್ ಮಾಡುತ್ತಾರೆ. ಅದು ಸ್ಟಾರ್‌ಆಫೀಸ್ ಕಾಲದ ಉಳಿಕೆ. ಇವನ್ನು ಅರ್ಧಂಬರ್ಧ ಕೆಲಸ ಎಂದು ಹೀಗಳೆಯುವವರಿದ್ದಾರೆ. ಹಾಗಲ್ಲ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿದ್ದಾರೆ.

ಹಾಗಾಗಿ ‘ಬದಲಿಸಬೇಕೇ ಬೇಡವೇ’ ಎಂಬುದನ್ನು ಒಂದೇ ಪ್ರಶ್ನೆಯಾಗಿ ಮತಕ್ಕೆ ಹಾಕಬೇಡಿ. ಮೇಲಿನ ಪದರಗಳನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದು, ಪ್ರತಿ ಸಾಲಿನ ಮುಂದೆಯೂ ಪ್ರತ್ಯೇಕವಾಗಿ ‘ಹೌದು’ ಅಥವಾ ‘ಬೇಡ’ ಎಂದು ತೀರ್ಮಾನಿಸಿ.

ಕಾರಣ ಗಟ್ಟಿಯಿದೆಯೇ

ಹಳೆ ಹೆಸರಿನಿಂದ ಯಾರಿಗೆ, ಯಾವಾಗ, ಏನು ತೊಂದರೆಯಾಗುತ್ತಿದೆ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ‘ಹೊಸ ಬಳಕೆದಾರರು ಇದು ವಿಂಡೋಸ್‌ಗೆ ಮಾತ್ರ ಎಂದುಕೊಂಡು ಹಿಂದಿರುಗುತ್ತಿದ್ದಾರೆ’ ಎಂಬುದು ಕಾರಣ. ‘ಹೆಸರು ಹಳೆಯದಾಯಿತು’ ಎಂಬುದು ಬೇಸರ. ಬರೆದ ಮೇಲೆ, ಆ ತೊಂದರೆ ಯಾವ ಪದರದಲ್ಲಿ ಹುಟ್ಟುತ್ತಿದೆ ಎಂದು ನೋಡಿ. ಹುಡುಕಾಟದಲ್ಲಿ ಸಿಗುತ್ತಿಲ್ಲ ಎಂದರೆ ಅದು ಹೊರಪದರದ ತೊಂದರೆ. ಅದಕ್ಕಾಗಿ ಇಂಪೋರ್ಟ್ ಹೆಸರು ಬದಲಿಸುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ಟ್ರೇಡ್‌ಮಾರ್ಕ್ ಜಗಳ ಎಲ್ಲಕ್ಕಿಂತ ಗಟ್ಟಿ ಕಾರಣ. ಓಪನ್ ಸೋರ್ಸ್ ಲೈಸೆನ್ಸು ಕೋಡಿನ ಹಕ್ಕು ಕೊಡುತ್ತದೆಯೇ ಹೊರತು ಹೆಸರಿನ ಹಕ್ಕನ್ನಲ್ಲ, ಅಪಾಚೆ 2.0 ಲೈಸೆನ್ಸಿನ 6ನೇ ಕಲಮು ಇದನ್ನು ನೇರವಾಗಿಯೇ ಹೇಳುತ್ತದೆ. ಎಥೀರಿಯಲ್ ಎಂಬ ನೆಟ್‌ವರ್ಕ್ ವಿಶ್ಲೇಷಕದ ಮೂಲ ಕರ್ತೃ 2006ರಲ್ಲಿ ಉದ್ಯೋಗ ಬದಲಿಸಿದಾಗ ಹೆಸರಿನ ಹಕ್ಕು ಹಿಂದಿನ ಕಂಪನಿಯಲ್ಲೇ ಉಳಿಯಿತು. ಕೋಡು ಜೊತೆಗೆ ಬಂತು, ಹೆಸರು ಬರಲಿಲ್ಲ. ಹಾಗೆ ಹುಟ್ಟಿದ್ದು ವೈರ್‌ಶಾರ್ಕ್. ಎಒಎಲ್ ಕಂಪನಿಯ ಎಐಎಂ ಎಂಬ ಮಾರ್ಕಿನೊಂದಿಗೆ ತಿಕ್ಕಾಟವಾಗಿ ‘ಗೇಮ್’ ಎಂಬ ಚಾಟ್ ತಂತ್ರಾಂಶ 2007ರಲ್ಲಿ ಪಿಜಿನ್ ಆಯಿತು.

ವಕೀಲರ ಪತ್ರ ಬಂದಿತೆಂದರೆ ಕೋರ್ಟಿನ ಆದೇಶ ಬಂತೆಂದಲ್ಲ. ಆ ಮಾರ್ಕು ಯಾವ ದೇಶದಲ್ಲಿ ನೋಂದಾಯಿತವಾಗಿದೆ, ಯಾವ ವರ್ಗದಲ್ಲಿದೆ, ಯಾವಾಗಿನಿಂದ ಬಳಕೆಯಲ್ಲಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಟ್ರೇಡ್‌ಮಾರ್ಕುಗಳನ್ನು ವಿಂಗಡಿಸುವ ಅಂತರರಾಷ್ಟ್ರೀಯ ನೀಸ್ ವರ್ಗೀಕರಣದಲ್ಲಿ ತಂತ್ರಾಂಶ 9ನೇ ವರ್ಗಕ್ಕೂ ತಂತ್ರಾಂಶ ಸೇವೆಗಳು 42ನೇ ವರ್ಗಕ್ಕೂ ಸೇರುತ್ತವೆ. ಬೇರೆ ವರ್ಗದ ಮಾರ್ಕಾದರೆ ಮಾತುಕತೆಗೆ ಜಾಗ ಹೆಚ್ಚು. ಪ್ರಾಜೆಕ್ಟು ಯಾವುದಾದರೂ ಪ್ರತಿಷ್ಠಾನದ ಆಸರೆಯಲ್ಲಿದ್ದರೆ ಉತ್ತರ ಅವರ ವಕೀಲರಿಂದಲೇ ಹೋಗಲಿ. ಇಶ್ಯೂ ಟ್ರ್ಯಾಕರಿನಲ್ಲಿ ಸಿಟ್ಟಿನಿಂದ ಬರೆದ ಸಾಲುಗಳು ಮುಂದೆ ನಿಮಗೇ ಮುಳುವಾಗುತ್ತವೆ. ರಿಜಿಸ್ಟ್ರಿಯ ನಿಯಮವನ್ನೂ ಓದಿಕೊಳ್ಳಿ, ಏಕೆಂದರೆ ಕೊನೆಯ ಮಾತು ಅವರದ್ದಾಗಬಹುದು. 2016ರಲ್ಲಿ ‘ಕಿಕ್’ ಎಂಬ ಹೆಸರನ್ನು ಎನ್‌ಪಿಎಂ ಒಂದು ಕಂಪನಿಗೆ ವಹಿಸಿಕೊಟ್ಟಾಗ, ಅದರ ಕರ್ತೃ ತನ್ನ ಎಲ್ಲ ಪ್ಯಾಕೇಜುಗಳನ್ನೂ ಹಿಂತೆಗೆದುಕೊಂಡರು. ಅವುಗಳಲ್ಲಿ 11 ಸಾಲಿನ ‘ಲೆಫ್ಟ್-ಪ್ಯಾಡ್’ ಕೂಡ ಇದ್ದುದರಿಂದ ಲೆಕ್ಕವಿಲ್ಲದಷ್ಟು ಬಿಲ್ಡುಗಳು ಮುರಿದುಬಿದ್ದವು.

ಎರಡನೇ ಗಟ್ಟಿ ಕಾರಣ, ಹೆಸರೇ ಸುಳ್ಳು ಹೇಳುತ್ತಿರುವುದು. ‘ಸಿಕ್ಸ್ ಟು ಫೈವ್’ ಎಂಬ ಜಾವಾಸ್ಕ್ರಿಪ್ಟ್ ಪರಿವರ್ತಕ ಎಕ್ಮಾಸ್ಕ್ರಿಪ್ಟ್ 6ನ್ನು 5ಕ್ಕೆ ಇಳಿಸುತ್ತಿತ್ತು. 7 ಬರುವ ಹೊತ್ತಿಗೆ ಹೆಸರೇ ತೊಡಕಾಯಿತು. 2015ರಲ್ಲಿ ಅದು ಬೇಬಲ್ ಆಯಿತು. ಎಕ್ಸ್‌ಬಿಎಂಸಿಯಲ್ಲಿ ಎಕ್ಸ್‌ಬಾಕ್ಸ್ ಇತ್ತು, ಆದರೆ ತಂತ್ರಾಂಶ ಆ ಯಂತ್ರವನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಐಪೈಥಾನ್ ನೋಟ್‌ಬುಕ್ಕಿನಲ್ಲಿ ಜೂಲಿಯಾ, ಆರ್ ಭಾಷೆಗಳೂ ಓಡುತ್ತಿದ್ದವು. ಇಂಥ ಕಡೆ ಹೆಸರು ಬದಲಿಸದಿದ್ದರೆ ಪ್ರತಿ ಹೊಸಬರಿಗೂ ಅದೇ ವಿವರಣೆ ಕೊಡುತ್ತಾ ಕೂರಬೇಕು.

ಹೆಸರು ಕೇಳಲು ಮುಜುಗರ ಎಂಬ ಕಾರಣ ಅಷ್ಟು ಸರಳವಲ್ಲ. ‘ಕಾಕ್’ ಎಂಬ ಪ್ರಮೇಯ ಸಾಧಕ ತಂತ್ರಾಂಶ ಇಂಗ್ಲಿಷಿನಲ್ಲಿ ಅದರ ಉಚ್ಚಾರ ತರುತ್ತಿದ್ದ ಮುಜುಗರದಿಂದಾಗಿ ‘ರಾಕ್’ ಆಗಲು ನಿರ್ಧರಿಸಿ, 2025ರಲ್ಲಿ 9.0 ಆವೃತ್ತಿಯನ್ನು ಹೊಸ ಹೆಸರಿನಲ್ಲಿ ಹೊರತಂದಿತು. ಇದೇ ಬಗೆಯ ಬೇಡಿಕೆಯನ್ನು ಗಿಂಪ್ ಎಂಬ ಚಿತ್ರ ಸಂಪಾದಕದ ತಂಡ ಒಪ್ಪಲಿಲ್ಲ. ಬೇಸರಗೊಂಡವರು 2019ರಲ್ಲಿ ‘ಗ್ಲಿಂಪ್ಸ್’ ಎಂಬ ಫೋರ್ಕ್ (ಅದೇ ಕೋಡಿನ ಕವಲು) ಶುರುಮಾಡಿದರು, 2021ರಲ್ಲಿ ಕೆಲಸ ನಿಂತಿತು. ಬೇಡಿಕೆ ಎಷ್ಟು ಜೋರು ಎಂಬುದಕ್ಕಿಂತ, ಆ ಬದಲಾವಣೆಯ ದುಡಿಮೆಯನ್ನು ವರ್ಷಗಟ್ಟಲೆ ಹೊರಲು ಸಿದ್ಧರಿರುವ ಮೇಂಟೇನರುಗಳು ಎಷ್ಟು ಜನ ಎಂಬುದು ಇಲ್ಲಿ ಮುಖ್ಯ.

ಉಳಿದ ಕಾರಣಗಳು, ಅಂದರೆ ಹೆಸರು ಉದ್ದ, ಹೆಸರು ಚೆಂದವಿಲ್ಲ, ಹೊಸ ಆವೃತ್ತಿಗೆ ಹೊಸ ಹುರುಪು ಬೇಕು, ಇವಕ್ಕೆ ‘ಬೇಡ’ ಎನ್ನುವುದೇ ಸರಿ.

ವೆಚ್ಚ ಎಣಿಸುವುದು

ಪದರಗಳ ಹಾಳೆಗೆ ಹಿಂದಿರುಗಿ, ಪ್ರತಿ ಸಾಲಿನ ಮುಂದೆ ಒಂದು ಅಂಕಿ ಹಾಕಿ. ಡೌನ್‌ಲೋಡ್ ಎಣಿಕೆ ಇದಕ್ಕೆ ಸಲ್ಲದು. ಅದರಲ್ಲಿ ಬಹುಪಾಲು ಕೋಡನ್ನು ತಾನಾಗಿ ಕಟ್ಟಿ ಪರೀಕ್ಷಿಸುವ ಸಿಐ ಯಂತ್ರಗಳದ್ದೇ ಓಡಾಟ. ಬೇಕಾದ ಅಂಕಿಗಳು ಇವು: ನೇರವಾಗಿ ನಿಮ್ಮನ್ನು ಅವಲಂಬಿಸಿದ ಪ್ಯಾಕೇಜುಗಳೆಷ್ಟು, ಗಿಟ್‌ಹಬ್‌ನ ಡಿಪೆಂಡೆಂಟ್ಸ್ ಪುಟ ಮತ್ತು ಡೆಪ್ಸ್ ಡಾಟ್ ಡೆವ್ ತಾಣ ಇದಕ್ಕೆ ಸಾಕು. ಎಷ್ಟು ಲಿನಕ್ಸ್ ವಿತರಣೆಗಳಲ್ಲಿ ನೀವಿದ್ದೀರಿ ಎಂಬುದನ್ನು ರಿಪಾಲಜಿ ತಾಣ ತೋರಿಸುತ್ತದೆ. ಅದರ ಪ್ರತಿ ಸಾಲೂ ಒಬ್ಬ ಸ್ವಯಂಸೇವಕರ ಕೆಲಸ ಎಂದು ಓದಿಕೊಳ್ಳಿ: ಡೆಬಿಯನ್‌ನಲ್ಲಿ ಹೊಸ ಪ್ಯಾಕೇಜ್ ಹೆಸರು ಎಂದರೆ ‘ನ್ಯೂ’ ಸರತಿಯಲ್ಲಿ ಮನುಷ್ಯರಿಂದ ಪರಿಶೀಲನೆ, ಕಾಂಡಾ-ಫೋರ್ಜ್‌ನಲ್ಲಿ ಹೊಸ ರೆಸಿಪಿ (ಪ್ಯಾಕೇಜ್ ಕಟ್ಟುವ ಸೂಚನೆ), ಅದನ್ನಿಡಲು ಹೊಸ ಫೀಡ್‌ಸ್ಟಾಕ್ ರೆಪೊ. ಇಂಪೋರ್ಟ್ ಸಾಲನ್ನು ಕೋಡ್ ಹುಡುಕಾಟದಲ್ಲಿ ಹಾಕಿ ನೋಡಿದರೆ ರಿಜಿಸ್ಟ್ರಿಯ ಹೊರಗಿನ ಬಳಕೆಯ ಅಂದಾಜು ಸಿಗುತ್ತದೆ. ಕಂಪನಿಗಳ ಮುಚ್ಚಿದ ಕೋಡು ಇದ್ಯಾವುದರಲ್ಲೂ ಕಾಣುವುದಿಲ್ಲ, ಹಾಗಾಗಿ ಸಿಕ್ಕ ಅಂಕಿಯನ್ನು ಕನಿಷ್ಠ ಎಂದೇ ಹಿಡಿಯಿರಿ.

ರೆಪೊಸಿಟರಿಯ ಪದರ ಅಗ್ಗವೆಂದು ಕಾಣುತ್ತದೆ, ಬಹುಮಟ್ಟಿಗೆ ಅಗ್ಗವೂ ಹೌದು. ಗಿಟ್‌ಹಬ್‌ನಲ್ಲಿ ಹೆಸರು ಬದಲಿಸಿದರೆ ಹಳೆ ವಿಳಾಸಕ್ಕೆ ಬಂದವರು, ಕ್ಲೋನ್ ಮಾಡುವವರು, ಪುಶ್ ಮಾಡುವವರು ಎಲ್ಲರೂ ತಾನಾಗಿ ಹೊಸ ಕಡೆಗೆ ಹೋಗುತ್ತಾರೆ. ಮೂರು ಕಡೆ ಕೈ ಕೊಡುತ್ತದೆ. ಗಿಟ್‌ಹಬ್ ಪೇಜಸ್‌ನಲ್ಲಿರುವ ಪ್ರಾಜೆಕ್ಟ್ ತಾಣದ ಕೊಂಡಿಗಳು ದಾರಿ ಬದಲಿಸುವುದಿಲ್ಲ. ಆ ರೆಪೊದಲ್ಲಿ ಗಿಟ್‌ಹಬ್ ಆಕ್ಷನ್ ಇದ್ದರೆ, ಹಳೆ ಹೆಸರಿನಿಂದ ಅದನ್ನು ಕರೆಯುವ ವರ್ಕ್‌ಫ್ಲೋಗಳು ‘ರೆಪೊಸಿಟರಿ ಸಿಗಲಿಲ್ಲ’ ಎಂದು ನಿಲ್ಲುತ್ತವೆ. ಹಳೆ ಹೆಸರಿನಲ್ಲಿ ಮತ್ತೊಂದು ರೆಪೊ ತೆರೆದ ಕ್ಷಣವೇ ದಾರಿ ಬದಲಾವಣೆ ಅಳಿಸಿಹೋಗುತ್ತದೆ, ಆದ್ದರಿಂದ ಆ ಹೆಸರನ್ನು ಮತ್ತೆಂದೂ ಬಳಸಬೇಡಿ.

ಗೋ ಭಾಷೆಯಲ್ಲಿ ಮಾತ್ರ ರೆಪೊ ವಿಳಾಸವೇ ಇಂಪೋರ್ಟ್ ಹೆಸರು, ಎರಡು ಪದರವೂ ಒಂದೇ. 2017ರಲ್ಲಿ ‘ಲಾಗ್ರಸ್’ ಎಂಬ ಲಾಗಿಂಗ್ ಲೈಬ್ರರಿಯ ವಿಳಾಸದಲ್ಲಿ ಒಂದು ದೊಡ್ಡಕ್ಷರ ಚಿಕ್ಕಕ್ಷರವಾಯಿತು. ಜಾಲಕ್ಕೆ ಎರಡೂ ಒಂದೇ, ಗೋ ಕಂಪೈಲರಿಗೆ ಬೇರೆ ಬೇರೆ. ಒಂದು ಡಿಪೆಂಡೆನ್ಸಿ ಹಳೆ ಅಕ್ಷರದಲ್ಲೂ ಇನ್ನೊಂದು ಹೊಸದರಲ್ಲೂ ಕರೆದದ್ದೇ ಸಾಕು, ಬಿಲ್ಡ್ ನಿಂತಿತು. ನಡುವಿನ ಎಲ್ಲ ಲೈಬ್ರರಿಗಳೂ ಬದಲಾಗುವವರೆಗೆ ಕಟ್ಟಕಡೆಯ ಬಳಕೆದಾರ ಏನೂ ಮಾಡುವಂತಿರಲಿಲ್ಲ.

ಇಂಪೋರ್ಟ್ ಹೆಸರನ್ನು ಮುಟ್ಟಬೇಕೇ

ನಮ್ಮ ಉತ್ತರ: ಹೊಸ ಆವೃತ್ತಿ ಹಳೆಯದರೊಂದಿಗೆ ಹೊಂದಿಕೊಳ್ಳುತ್ತಿದ್ದರೆ ಮುಟ್ಟಬೇಡಿ, ಹೊಂದಿಕೊಳ್ಳದಿದ್ದರೆ ಬದಲಿಸಿ, ಆಗ ಎರಡೂ ಒಂದೇ ಯಂತ್ರದಲ್ಲಿ ಬಾಳಬಹುದು. ಪಿಐಎಲ್ ಎಂಬ ಪೈಥಾನ್ ಚಿತ್ರ ಲೈಬ್ರರಿಯ ಮುಂದುವರಿಕೆಯಾದ ಪಿಲ್ಲೋ ಮೊದಲ ದಾರಿ ಹಿಡಿಯಿತು. ಇನ್‌ಸ್ಟಾಲ್ ಮಾಡುವುದು ಪಿಲ್ಲೋ, ಇಂಪೋರ್ಟ್ ಮಾಡುವುದು ಹಳೆಯ ಪಿಐಎಲ್. ಅಪಾಚೆ ಕಾಮನ್ಸ್ ಲ್ಯಾಂಗ್ 3ನೇ ಆವೃತ್ತಿ ಎರಡನೇ ದಾರಿ ಹಿಡಿದು ಜಾವಾ ಪ್ಯಾಕೇಜಿಗೇ ‘ಲ್ಯಾಂಗ್3’ ಎಂದು ಹೆಸರಿಟ್ಟಿತು. ಗೂಢಲಿಪೀಕರಣದ ಲೈಬ್ರರಿ ಪೈಕ್ರಿಪ್ಟೊ ನಿಂತುಹೋದ ಮೇಲೆ ಬಂದ ಪೈಕ್ರಿಪ್ಟೊಡೋಮ್ ಎರಡನ್ನೂ ಕೊಡುತ್ತದೆ: ಒಂದು ಹಳೆ ಇಂಪೋರ್ಟ್ ಹೆಸರಿನ ಜಾಗದಲ್ಲೇ ಕೂರುತ್ತದೆ, ಕೊನೆಗೆ ಎಕ್ಸ್ ಸೇರಿಸಿದ ಇನ್ನೊಂದು ಬೇರೆ ಹೆಸರಿನಲ್ಲಿ ಪಕ್ಕದಲ್ಲಿರುತ್ತದೆ.

ಬೇರೆ ದಾರಿಯೇ ಇಲ್ಲದೆ ಈ ಪದರವನ್ನು ಬದಲಿಸಿದವರ ಪಾಡು ನೋಡಬೇಕಾದರೆ, ಸರ್ವರ್ ತಂತ್ರಾಂಶಗಳಿಗೆಂದು ಇರುವ ಜಾವಾ ಇಇ ಇದೆ. ಒರೇಕಲ್‌ನಿಂದ ಎಕ್ಲಿಪ್ಸ್ ಪ್ರತಿಷ್ಠಾನಕ್ಕೆ ಅದು ಬಂದರೂ ‘ಜಾವಾಎಕ್ಸ್’ ಎಂಬ ಹೆಸರಿನಡಿಯ ಕೋಡಿನಲ್ಲಿ ಬದಲಾವಣೆ ಮಾಡಲು ಒರೇಕಲ್ ಜೊತೆ ಒಪ್ಪಂದವಾಗಲಿಲ್ಲ. 2020ರ ಜಕಾರ್ತಾ ಇಇ 9ರಲ್ಲಿ ಎಲ್ಲವೂ ‘ಜಕಾರ್ತಾ’ ಆಯಿತು. ಜಾವಾ ಸರ್ವರ್‌ಗಳಲ್ಲಿ ಟಾಮ್‌ಕ್ಯಾಟ್ 9 ಹಳೆ ಹೆಸರು, ಟಾಮ್‌ಕ್ಯಾಟ್ 10 ಹೊಸ ಹೆಸರು. ಸ್ಪ್ರಿಂಗ್ ಬೂಟ್ ಹೊಸ ಕಡೆಗೆ ಬಂದದ್ದು 2022ರ ಕೊನೆಯಲ್ಲಿ, ಅದರ 3ನೇ ಆವೃತ್ತಿಯಲ್ಲಿ. ಪ್ರತಿ ಸೋರ್ಸ್ ಫೈಲಿನಲ್ಲಿ ಹುಡುಕಿ ಬದಲಿಸುವುದು ಸುಲಭದ ಭಾಗ. ಅದನ್ನು ಸ್ಕ್ರಿಪ್ಟ್ ಮಾಡುತ್ತದೆ. ಕಷ್ಟವಿದ್ದದ್ದು, ಹಳೆ ಹೆಸರಿನ ಒಂದೇ ಒಂದು ಲೈಬ್ರರಿ ಉಳಿದರೂ ಇಡೀ ಅಪ್ಲಿಕೇಶನ್ ಮೇಲೇರಲಾಗದೆ ನಿಂತುಬಿಡುವುದರಲ್ಲಿ. ನಿಮ್ಮ ಪ್ಯಾಕೇಜಿನ ಟೈಪುಗಳು ಬೇರೆಯವರ ಸಾರ್ವಜನಿಕ ಎಪಿಐಯಲ್ಲಿ, ಅಂದರೆ ಇತರರ ಕೋಡು ಕರೆಯಲೆಂದು ತೆರೆದಿಟ್ಟ ಭಾಗದಲ್ಲಿ, ಕಾಣಿಸಿಕೊಳ್ಳುತ್ತವೆಯೇ ಎಂದು ಪರಿಶೀಲಿಸಿ. ಹೌದಾದರೆ ನಿಮ್ಮದೂ ಇದೇ ಗುಂಪು, ವೆಚ್ಚವನ್ನು ಹತ್ತು ಪಟ್ಟು ಏರಿಸಿಕೊಂಡೇ ಯೋಚಿಸಿ.

ನಿರ್ಧರಿಸುವ ಮೊದಲೇ ತೆಳು ಪ್ಯಾಕೇಜ್ ಕಟ್ಟಿ ನೋಡಿ

ಒಂದು ಬ್ರಾಂಚಿನಲ್ಲಿ ನಿಜವಾದ ಕೋಡನ್ನು ಹೊಸ ಹೆಸರಿಗೆ ಸಾಗಿಸಿ, ಹಳೆ ಹೆಸರಿನಲ್ಲಿ ಹೊಸದನ್ನೇ ಮುಂದಕ್ಕೆ ದಾಟಿಸುವ ತೆಳು ಪ್ಯಾಕೇಜ್ ಇಡಿ. ಅತಿ ಹೆಚ್ಚು ಬಳಕೆಯಲ್ಲಿರುವ ಹತ್ತು ಅವಲಂಬಿತ ಪ್ಯಾಕೇಜುಗಳ ಟೆಸ್ಟುಗಳನ್ನು, ಅವುಗಳ ಕೋಡು ಮುಟ್ಟದೆ, ಇದರ ಮೇಲೆ ಓಡಿಸಿ. ಹತ್ತೂ ಹಸಿರಾದರೆ, ಅಂದರೆ ಪಾಸಾದರೆ, ಹೆಸರು ಬದಲಾವಣೆ ನಿಭಾಯಿಸಬಹುದಾದದ್ದು. ಎರಡು ಮೂರು ಕೆಂಪಾದರೆ, ಯಾಕೆ ಎಂದು ತಿಳಿಯುವವರೆಗೆ ಮತ ಹಾಕಬೇಡಿ. ಚರ್ಚೆಯಲ್ಲಿ ತಿಂಗಳು ಕಳೆದರೂ ಹೊರಬೀಳದ ಸಂಗತಿಗಳು ಈ ಪರೀಕ್ಷೆಯಲ್ಲಿ ಎರಡು ದಿನದಲ್ಲಿ ಬೀಳುತ್ತವೆ.

ಪೈಥಾನ್‌ನಲ್ಲಿ ಮುರಿಯುವ ಜಾಗಗಳು ಹೆಚ್ಚುಕಡಿಮೆ ಎಲ್ಲೆಡೆ ಅವೇ. ತೆಳು ಪ್ಯಾಕೇಜಿನಲ್ಲಿ ನಕ್ಷತ್ರ ಹಾಕಿ ಎಲ್ಲವನ್ನೂ ಇಂಪೋರ್ಟ್ ಮಾಡಿದರೆ ಅಂಡರ್‌ಸ್ಕೋರಿನಿಂದ ಶುರುವಾಗುವ ಹೆಸರುಗಳು ಬರುವುದಿಲ್ಲ, ಅವನ್ನು ಬಳಸುವವರು ಇದ್ದೇ ಇರುತ್ತಾರೆ. ಟೆಸ್ಟುಗಳಲ್ಲಿ ಹಳೆ ಹೆಸರಿನ ಫಂಕ್ಷನ್ನಿಗೆ ಮಾಕ್ (ಪರೀಕ್ಷೆಗಾಗಿ ನಕಲಿ ಬದಲಿ) ಹಾಕಿದವರಿಗೆ ಬದಲಾಗುವುದು ತೆಳು ಪ್ಯಾಕೇಜಿನ ನಕಲು ಮಾತ್ರ. ಒಳಗಿನ ನಿಜವಾದ ಫಂಕ್ಷನ್ ಹಾಗೇ ಓಡುತ್ತದೆ. ಇದನ್ನು ತಪ್ಪಿಸಲು ಇಂಟರ್‌ಪ್ರಿಟರಿನ ಮಾಡ್ಯೂಲ್ ಕೋಷ್ಟಕದಲ್ಲಿ ಹಳೆ ಹೆಸರಿಗೆ ಹೊಸ ಮಾಡ್ಯೂಲನ್ನೇ ಜೋಡಿಸುವುದು ವಾಡಿಕೆ. ಅದರಲ್ಲೂ ಒಂದು ಗುಂಡಿ ಇದೆ. ಮೇಲಿನ ಹೆಸರೊಂದನ್ನೇ ಜೋಡಿಸಿ ಬಿಟ್ಟರೆ, ಯಾರಾದರೂ ಹಳೆ ಹೆಸರಿನಡಿಯ ಉಪಮಾಡ್ಯೂಲನ್ನು ಕರೆದಾಗ ಪೈಥಾನ್ ಅದೇ ಫೈಲನ್ನು ಎರಡನೇ ಸಲ, ಬೇರೆ ಹೆಸರಿನಲ್ಲಿ ಲೋಡ್ ಮಾಡುತ್ತದೆ. ಆಗ ಒಂದೇ ಕ್ಲಾಸಿಗೆ ಎರಡು ಪ್ರತಿ. ಒಂದರ ಎಕ್ಸೆಪ್ಶನ್ ಇನ್ನೊಂದರ ಬಲೆಗೆ ಬೀಳುವುದಿಲ್ಲ. ಪ್ರತಿ ಉಪಮಾಡ್ಯೂಲನ್ನೂ ಹೆಸರು ಹಿಡಿದು ಜೋಡಿಸಬೇಕು, ಇಲ್ಲವೇ ಇಂಪೋರ್ಟ್ ಫೈಂಡರ್ ಬರೆಯಬೇಕು. ಎರಡೂ ಹೆಸರಿನಿಂದ ಬರುವ ಕ್ಲಾಸು ಒಂದೇ ಎಂದು ಸಾಧಿಸುವ ಟೆಸ್ಟನ್ನು ಸಿಐಯಲ್ಲಿ ಇಟ್ಟುಬಿಡಿ.

ಪೈಥಾನ್ ಆಬ್ಜೆಕ್ಟುಗಳನ್ನು ಉಳಿಸಿಡುವ ಪಿಕಲ್ ಫೈಲುಗಳಲ್ಲಿ ಮಾಡ್ಯೂಲಿನ ಪೂರ್ತಿ ಹೆಸರೇ ಬರೆದಿರುತ್ತದೆ. ಹಳೆ ಹೆಸರು ಇಲ್ಲವಾದ ದಿನ ಬಳಕೆದಾರರು ಉಳಿಸಿಟ್ಟ ಫೈಲುಗಳು ತೆರೆಯುವುದಿಲ್ಲ, ಮತ್ತು ಅವರು ಅದನ್ನು ಕಂಡುಕೊಳ್ಳುವುದು ವರ್ಷವೊಂದು ಕಳೆದ ಮೇಲೆ. ಜಾವಾ ಸೀರಿಯಲೈಸೇಶನ್‌ನಲ್ಲೂ ಇದೇ ಕಥೆ. ಅಲ್ಲಿ ಎಕ್ಸ್‌ಎಂಎಲ್ ಕಾನ್ಫಿಗ್ಗಿನಲ್ಲಿ ಸ್ಟ್ರಿಂಗ್ ಆಗಿ ಬರೆದ ಕ್ಲಾಸ್ ಹೆಸರುಗಳೂ ಸೇರುತ್ತವೆ. ಲಾಗರುಗಳು ಮಾಡ್ಯೂಲಿನ ಹೆಸರಿನಿಂದಲೇ ಹುಟ್ಟುವುದರಿಂದ, ಹಳೆ ಹೆಸರಿಗೆಂದು ಬರೆದ ಲಾಗ್ ಕಾನ್ಫಿಗ್ ಸದ್ದಿಲ್ಲದೆ ಕೆಲಸ ನಿಲ್ಲಿಸುತ್ತದೆ. ಏನೂ ಮುರಿಯುವುದಿಲ್ಲ, ಲಾಗ್ ಮಾತ್ರ ಬರುವುದಿಲ್ಲ. ಇಂಥವು ಅತಿ ತಡವಾಗಿ ಪತ್ತೆಯಾಗುತ್ತವೆ. ರಸ್ಟ್ ಭಾಷೆಯಲ್ಲಿ ಹಳೆ ಕ್ರೇಟಿನ (ಅಲ್ಲಿ ಪ್ಯಾಕೇಜಿಗೆ ಇರುವ ಹೆಸರು) ಕೊನೆಯ ಆವೃತ್ತಿ ಹೊಸದರ ಟೈಪುಗಳನ್ನೇ ಮರು-ರಫ್ತು ಮಾಡದಿದ್ದರೆ ಕಂಪೈಲರು ಎರಡನ್ನೂ ಬೇರೆ ಟೈಪೆಂದೇ ನೋಡುತ್ತದೆ.

ಇಂಪೋರ್ಟ್ ಹೆಸರು ಉಳಿಸಿಕೊಂಡು ರಿಜಿಸ್ಟ್ರಿ ಹೆಸರು ಮಾತ್ರ ಬದಲಿಸುವವರಿಗೆ ಬೇರೆ ತೊಡಕು ಕಾದಿದೆ. ಎರಡು ಪ್ಯಾಕೇಜು ಒಂದೇ ಫೈಲನ್ನು ಬರೆದರೆ ಪೈಥಾನ್‌ನ ಇನ್‌ಸ್ಟಾಲರ್ ಆದ ಪಿಪ್ ತಡೆಯುವುದಿಲ್ಲ. ಬಳಕೆದಾರರ ಯಂತ್ರದಲ್ಲಿ ಹಳೆಯದು ಇದ್ದಾಗಲೇ ಹೊಸದನ್ನು ಹಾಕಿದರೆ ಹೊಸ ಫೈಲುಗಳು ಹಳೆಯವುಗಳ ಮೇಲೆ ಕೂರುತ್ತವೆ. ಆಮೇಲೆ ಹಳೆಯದನ್ನು ತೆಗೆದಾಗ, ಅಥವಾ ಅದರ ಖಾಲಿ ಆವೃತ್ತಿಗೆ ಏರಿಸಿದಾಗ, ಪಿಪ್ ಹಳೆ ಪಟ್ಟಿಯ ಪ್ರಕಾರ ಅದೇ ಫೈಲುಗಳನ್ನು ಅಳಿಸಿಹಾಕುತ್ತದೆ. ಹೊಸ ಪ್ಯಾಕೇಜ್ ಇದೆ ಎಂದು ಪಿಪ್ ಹೇಳುತ್ತದೆ, ಫೋಲ್ಡರ್ ಮಾತ್ರ ಖಾಲಿ. ಮೊದಲು ಹಳೆಯದನ್ನು ತೆಗೆದು, ನಂತರ ಹೊಸದನ್ನು ಹಾಕಿ ಎಂಬ ಕ್ರಮವನ್ನು ಸೂಚನೆಯ ಮೊದಲ ಸಾಲಿನಲ್ಲೇ ಬರೆಯಿರಿ. ಹಾಳಾದ ಮೇಲೆ ಬಂದವರಿಗೆ ಒತ್ತಾಯದ ಮರು-ಇನ್‌ಸ್ಟಾಲ್ ದಾರಿಯನ್ನೂ ಕೊಡಿ. ಡೆಬಿಯನ್‌ನ ಇನ್‌ಸ್ಟಾಲರ್ ಡಿಪಿಕೆಜಿ ಇದಕ್ಕೆ ತದ್ವಿರುದ್ಧ. ಅದು ಫೈಲ್ ಘರ್ಷಣೆ ಕಂಡರೆ ಇನ್‌ಸ್ಟಾಲನ್ನೇ ನಿಲ್ಲಿಸುತ್ತದೆ, ಹಾಗಾಗಿ ಅಲ್ಲಿ ‘ಬ್ರೇಕ್ಸ್’ ಮತ್ತು ‘ರಿಪ್ಲೇಸಸ್’ ಸಾಲುಗಳನ್ನು ಆವೃತ್ತಿ ಸಮೇತ ಬರೆಯಬೇಕು.

ಕಮಾಂಡಿನ ವಿಷಯ ಚಿಕ್ಕದು. ಹಳೆ ಕಮಾಂಡು ಎಚ್ಚರಿಕೆಯನ್ನು ಸ್ಟ್ಯಾಂಡರ್ಡ್ ಎರರ್‌ಗೆ ಮಾತ್ರ ಬರೆಯಲಿ. ಔಟ್‌ಪುಟ್‌ಗೆ ಬರೆದರೆ ಅದನ್ನು ಓದುವ ಸ್ಕ್ರಿಪ್ಟುಗಳು ಕೆಡುತ್ತವೆ. ಕಾನ್ಫಿಗ್ ಫೋಲ್ಡರ್ ಬದಲಿಸುವುದಾದರೆ ಹಳೆಯದನ್ನು ಸ್ಥಳಾಂತರಿಸಬೇಡಿ, ನಕಲು ಮಾಡಿ. ಹಿಂದಿನ ಆವೃತ್ತಿಗೆ ಮರಳುವವರ ಸೆಟ್ಟಿಂಗ್ ಉಳಿಯುತ್ತದೆ. ಎನ್ವಿರಾನ್ಮೆಂಟ್ ವೇರಿಯಬಲ್ ಎರಡೂ ಹೆಸರಿನಲ್ಲಿ ಇದ್ದು ಮೌಲ್ಯ ಬೇರೆಯಿದ್ದರೆ ಹೊಸದು ಗೆಲ್ಲಲಿ, ಜೊತೆಗೆ ಎಚ್ಚರಿಕೆ ಬರಲಿ.

ಹೊಸ ಹೆಸರಿನ ಪರೀಕ್ಷೆ

ಮೊಜಿಲ್ಲಾದ ಬ್ರೌಸರು ‘ಫೀನಿಕ್ಸ್’ ಎಂದು 2002ರಲ್ಲಿ ಶುರುವಾಗಿ, ಫೀನಿಕ್ಸ್ ಟೆಕ್ನಾಲಜೀಸ್ ಕಂಪನಿಯ ಆಕ್ಷೇಪದಿಂದ 2003ರಲ್ಲಿ ‘ಫೈರ್‌ಬರ್ಡ್’ ಆಯಿತು. ಆ ಹೆಸರಿನ ಡೇಟಾಬೇಸ್ ಪ್ರಾಜೆಕ್ಟು ಆಗಲೇ ಇತ್ತು, ಅವರು ಸುಮ್ಮನಿರಲಿಲ್ಲ. 2004ರ ಫೆಬ್ರವರಿಯಲ್ಲಿ ‘ಫೈರ್‌ಫಾಕ್ಸ್’. ಎರಡು ವರ್ಷದೊಳಗೆ ಮೂರು ಹೆಸರನ್ನು ತಡೆದುಕೊಳ್ಳಲು ಆ ಬ್ರೌಸರು 1.0ಕ್ಕೂ ಮುಂಚಿನದಾಗಿದ್ದದ್ದೇ ಕಾರಣ. ಬೇರೂರಿದ ಪ್ಯಾಕೇಜಿಗೆ ಎರಡನೇ ಅವಕಾಶ ಇರುವುದಿಲ್ಲ.

ನಾಲ್ಕೈದು ಹೆಸರು ಆರಿಸಿ, ಪ್ರತಿಯೊಂದನ್ನೂ ವೈಪೊ ಎಂಬ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಗ್ಲೋಬಲ್ ಬ್ರ್ಯಾಂಡ್ ಡೇಟಾಬೇಸಿನಲ್ಲಿ ಹುಡುಕಿ. ನಿಮ್ಮ ಭಾಷೆಯ ರಿಜಿಸ್ಟ್ರಿಯಷ್ಟೇ ಅಲ್ಲ, ಇತರ ಮುಖ್ಯ ರಿಜಿಸ್ಟ್ರಿಗಳಲ್ಲೂ ನೋಡಿ. ಪೈಪಿಐಯಲ್ಲಿ ಹೈಫನ್, ಅಂಡರ್‌ಸ್ಕೋರ್, ಚುಕ್ಕೆ ಮೂರೂ ಒಂದೇ, ಅಕ್ಷರದ ದೊಡ್ಡದು ಚಿಕ್ಕದು ಲೆಕ್ಕಕ್ಕಿಲ್ಲ. ಎನ್‌ಪಿಎಂನಲ್ಲಿ ಇರುವ ಹೆಸರಿಗಿಂತ ಬರೀ ಚಿಹ್ನೆಯಲ್ಲಿ ಬೇರೆಯಾದ ಹೆಸರನ್ನು ಬಿಡುವುದಿಲ್ಲ. ಕಮಾಂಡ್ ಹೆಸರು ಎರಡು ಮೂರು ಅಕ್ಷರದ್ದಾದರೆ ವಿತರಣೆಗಳಲ್ಲಿ ಘರ್ಷಣೆ ಖಚಿತ. ‘ಎಫ್‌ಡಿ’ ಡೆಬಿಯನ್‌ನಲ್ಲಿ ‘ಎಫ್‌ಡಿಫೈಂಡ್’ ಆಗಿದೆ, ‘ಬ್ಯಾಟ್’ ‘ಬ್ಯಾಟ್‌ಕ್ಯಾಟ್’ ಆಗಿದೆ. ಹವ್ಯಾಸಿ ರೇಡಿಯೊದ ಪುಟ್ಟ ಪ್ರೋಗ್ರಾಮೊಂದು ‘ನೋಡ್’ ಎಂಬ ಹೆಸರಿನಲ್ಲಿ ಮೊದಲೇ ಇದ್ದುದರಿಂದ ನೋಡ್.ಜೆಎಸ್‌ನ ಕಮಾಂಡು ಅಲ್ಲಿ ವರ್ಷಗಟ್ಟಲೆ ‘ನೋಡ್‌ಜೆಎಸ್’ ಆಗಿತ್ತು.

ಹೆಸರುಗಳನ್ನು ಸಾರ್ವಜನಿಕ ಚರ್ಚೆಗೆ ಇಡುವ ಮುನ್ನ ಡೊಮೇನ್ ಮತ್ತು ರಿಜಿಸ್ಟ್ರಿ ಹೆಸರನ್ನು ಕಾಯ್ದಿರಿಸಿಕೊಳ್ಳಿ. ಪಟ್ಟಿ ಹೊರಬಿದ್ದ ಗಂಟೆಯೊಳಗೆ ಬೇರೆಯವರು ಹಿಡಿದುಕೊಂಡದ್ದುಂಟು. ಖಾಲಿ ಪ್ಯಾಕೇಜಿಟ್ಟು ಹೆಸರು ಹಿಡಿಯುವುದನ್ನು ಪೈಪಿಐ ನಿಯಮ ಒಪ್ಪುವುದಿಲ್ಲ, ಆದ್ದರಿಂದ ಕೆಲಸ ಮಾಡುವ ಒಂದು ಪೂರ್ವಾವೃತ್ತಿಯನ್ನೇ ಹಾಕಿ. ಆರಿಸದ ಹೆಸರುಗಳನ್ನು ಆಮೇಲೆ ಬಿಟ್ಟುಕೊಡಿ.

ಎಷ್ಟು ಕಾಲ ಎರಡೂ ಹೆಸರು

ಡೆಬಿಯನ್ ಸ್ಥಿರ ಆವೃತ್ತಿ ಸುಮಾರು 2 ವರ್ಷಕ್ಕೊಮ್ಮೆ ಬರುತ್ತದೆ. ಉಬುಂಟು ಎಲ್‌ಟಿಎಸ್ 2 ವರ್ಷಕ್ಕೊಮ್ಮೆ, 5 ವರ್ಷದ ಬೆಂಬಲದೊಂದಿಗೆ. ಹಾಗಾಗಿ ತೆಳು ಪ್ಯಾಕೇಜನ್ನು 2 ವರ್ಷಕ್ಕಿಂತ ಮೊದಲು ನಿಲ್ಲಿಸುವ ಯೋಜನೆ ಯೋಜನೆಯೇ ಅಲ್ಲ. ಈ ದುಡಿಮೆಗೆ ಯಾರ ಹೆಸರೂ ಮುಂದೆ ಬರದಿದ್ದರೆ ನಿರ್ಧಾರ ‘ಬೇಡ’ ಎಂದೇ ಆಗಬೇಕು.

ಎಚ್ಚರಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ. ಪೈಥಾನ್‌ನ ಡೆಪ್ರಿಕೇಶನ್ ಎಚ್ಚರಿಕೆ ಸಾಮಾನ್ಯ ಬಳಕೆದಾರರಿಗೆ ಕಾಣುವುದಿಲ್ಲ, ಫ್ಯೂಚರ್ ಎಚ್ಚರಿಕೆ ಕಾಣುತ್ತದೆ. ಮೊದಲ ವರ್ಷ ಒಂದನೆಯದು, ಆಮೇಲೆ ಎರಡನೆಯದು. ಎನ್‌ಪಿಎಂನ ಡೆಪ್ರಿಕೇಟ್ ಕಮಾಂಡು ಇನ್‌ಸ್ಟಾಲ್ ಸಮಯದಲ್ಲೇ ಸಂದೇಶ ತೋರಿಸುತ್ತದೆ, ಮೇವನ್‌ನಲ್ಲಿ ‘ರಿಲೊಕೇಶನ್’ ಎಂಬ ಅಂಶವಿದೆ, ಪಿಎಚ್‌ಪಿಯ ರಿಜಿಸ್ಟ್ರಿಯಾದ ಪ್ಯಾಕೇಜಿಸ್ಟ್‌ನಲ್ಲಿ ಬದಲಿ ಹೆಸರು ಸೂಚಿಸಿ ‘ಅಬಂಡನ್ಡ್’ ಎಂದು ಗುರುತಿಸಬಹುದು, ಗೋ 1.17ರಿಂದ ಗೋ.ಮಾಡ್ ಫೈಲಿನಲ್ಲಿ ‘ಡೆಪ್ರಿಕೇಟೆಡ್’ ಟಿಪ್ಪಣಿ ಬರೆಯಬಹುದು. ಸಂದೇಶಗಳನ್ನು ಓದದವರಿಗೆ ಸೈಕಿಟ್-ಲರ್ನ್ ತಂಡದ ಉಪಾಯ ನೋಡಿ: ‘ಎಸ್‌ಕೆಲರ್ನ್’ ಎಂಬ ತಪ್ಪು ಹೆಸರಿನಿಂದ ಇನ್‌ಸ್ಟಾಲ್ ಮಾಡುವವರಿಗೆ 2022ರ ಡಿಸೆಂಬರಿನಿಂದ ಪ್ರತಿ ಗಂಟೆಯಲ್ಲಿ ಕೆಲವೇ ನಿಮಿಷ ದೋಷ ಬರುವಂತೆ ಮಾಡಿ, ಆ ಅವಧಿಯನ್ನು ಹಂತಹಂತವಾಗಿ ಹಿಗ್ಗಿಸಿ, ಒಂದು ವರ್ಷದಲ್ಲಿ ಪೂರ್ತಿ ಮುಚ್ಚಿದರು. ತುರ್ತಿನಲ್ಲಿರುವವರು ದಾಟಿಹೋಗಲು ಒಂದು ಎನ್ವಿರಾನ್ಮೆಂಟ್ ವೇರಿಯಬಲನ್ನೂ ಇಟ್ಟಿದ್ದರು.

ಹಳೆ ಹೆಸರನ್ನು ರಿಜಿಸ್ಟ್ರಿಯಿಂದ ಯಾವತ್ತೂ ಅಳಿಸಬೇಡಿ. ಪೈಪಿಐಯಲ್ಲಿ ಅಳಿಸಿದ ಪ್ರಾಜೆಕ್ಟಿನ ಹೆಸರನ್ನು ಬೇರೆಯವರು ನೋಂದಾಯಿಸಬಹುದು. ಹಳೆ ಸ್ಕ್ರಿಪ್ಟುಗಳು ಅವರ ಕೋಡನ್ನು ನಿಮ್ಮದೆಂದು ತಿಳಿದು ಓಡಿಸುತ್ತವೆ. ಹಳೆ ಡೊಮೇನನ್ನೂ ಹೀಗೇ ಕಟ್ಟಿಕೊಂಡಿರಬೇಕು. ಭದ್ರತಾ ಸ್ಕ್ಯಾನರುಗಳು ರಿಜಿಸ್ಟ್ರಿಯ ಹೆಸರಿನಿಂದಲೇ ದೋಷಗಳನ್ನು ಹೊಂದಿಸುತ್ತವೆ, ಆದ್ದರಿಂದ ಹಳೆ ಆವೃತ್ತಿಗಳಿಗೂ ತಗಲುವ ದೋಷ ಸಿಕ್ಕರೆ ಸೂಚನೆಯನ್ನು ಎರಡೂ ಹೆಸರಿನಲ್ಲಿ ಹೊರಡಿಸಿ. ಇದನ್ನು ಮರೆಯುವವರೇ ಹೆಚ್ಚು.

ಇನ್ನೊಂದು ಮಾತು: ಹೊಂದಿಕೊಳ್ಳದ ಆವೃತ್ತಿಗೆಂದೇ ಇಂಪೋರ್ಟ್ ಹೆಸರು ಬದಲಿಸುವ ಸಂದರ್ಭ ಬಿಟ್ಟರೆ, ಹೆಸರು ಬದಲಾಗುವ ರಿಲೀಸಿನಲ್ಲಿ ಬೇರೆ ಏನನ್ನೂ ಬದಲಿಸಬೇಡಿ. ಎಪಿಐಯನ್ನೂ ಒಟ್ಟಿಗೆ ಮುರಿದರೆ, ಬಂದ ದೂರು ಹೆಸರಿನದ್ದೋ ಎಪಿಐಯದ್ದೋ ಬಿಡಿಸಲು ನಿಮಗೇ ಆಗುವುದಿಲ್ಲ.

‘ಬೇಡ’ ಎಂದು ತೀರ್ಮಾನವಾದರೆ

ಅದೂ ಕೆಲಸವಿರುವ ತೀರ್ಮಾನವೇ. ರೀಡ್‌ಮಿಯ ಮೊದಲ ಸಾಲಿನಲ್ಲಿ ಹೆಸರಿನ ಗೊಂದಲವನ್ನು ನೇರವಾಗಿ ಬಿಡಿಸಿ. ‘ಹೆಸರಿನಲ್ಲಿ ಇಂಥದ್ದಿದ್ದರೂ ಇದು ಎಲ್ಲ ವೇದಿಕೆಗಳಲ್ಲೂ ಓಡುತ್ತದೆ’ ಎಂಬ ಒಂದು ವಾಕ್ಯ ಎಷ್ಟೋ ಪ್ರಶ್ನೆಗಳನ್ನು ತಪ್ಪಿಸುತ್ತದೆ. ಆಟ್ರ್ಸ್ ಎಂಬ ಪೈಥಾನ್ ಪ್ಯಾಕೇಜು 2021ರಲ್ಲಿ ಮಾಡಿದಂತೆ ಹಳೆಯ ಇಂಪೋರ್ಟ್ ಹೆಸರಿನ ಪಕ್ಕದಲ್ಲೇ ಹೊಸದೊಂದನ್ನು ಸೇರಿಸಿ, ಯಾವುದನ್ನೂ ತೆಗೆಯದೆ ಇರುವುದೂ ಒಂದು ದಾರಿ. ತೀರ್ಮಾನವನ್ನು, ಪದರಗಳ ಹಾಳೆ ಮತ್ತು ಅಂಕಿಗಳ ಸಮೇತ, ರೆಪೊದಲ್ಲೇ ಒಂದು ಫೈಲಾಗಿ ಇಡಿ. ಯಾವ ಸ್ಥಿತಿ ಬಂದರೆ ವಿಷಯವನ್ನು ಮತ್ತೆ ತೆರೆಯುತ್ತೀರಿ ಎಂಬುದನ್ನೂ ಅದರಲ್ಲಿ ಬರೆಯಿರಿ: ವಕೀಲರ ಪತ್ರ ಬಂದರೆ, ಇಂಪೋರ್ಟ್ ಹೇಗೂ ಮುರಿಯುವ ಮುಂದಿನ ದೊಡ್ಡ ಆವೃತ್ತಿ ಬಂದರೆ, ಅಥವಾ ತೆಳು ಪ್ಯಾಕೇಜನ್ನು 2 ವರ್ಷ ನೋಡಿಕೊಳ್ಳಲು ಇಬ್ಬರು ಮೇಂಟೇನರುಗಳು ಮುಂದೆ ಬಂದರೆ. ಅದೇ ಪ್ರಶ್ನೆ ಇಶ್ಯೂ ಆಗಿ ಮತ್ತೆ ತೆರೆದಾಗ ಆ ಫೈಲಿನ ಕೊಂಡಿ ಕೊಟ್ಟು ಮುಚ್ಚಬಹುದು.